ಮಳೆ, ಗಾಳಿ, ದುಂಬಿಗಳ ಕೆಲಸ

ಮನೆಯ ಹಿತ್ತಲಿನಲ್ಲಿ ಪಾಲಿಟನಲ್, ಅಂದರೆ ಕಮಾನುಗಳ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಬೆಳೆಮನೆ, ಕಟ್ಟಬೇಕೆಂದು ಹೊರಟವರು ಮೊದಲು ಕೇಳುವುದು ಅದರ ಅಳತೆ ಎಷ್ಟಿರಬೇಕು, ಕಮಾನಿಗೆ ಯಾವ ಪೈಪು ಒಳ್ಳೆಯದು, ಎಷ್ಟು ದಪ್ಪದ ಹಾಳೆ ಹಾಕಬೇಕು ಎಂದು. ಇವೆಲ್ಲ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಅದರೊಳಗೆ ಹಲವು ಬೆಳೆಗಳನ್ನು ತೆಗೆದ ಮೇಲೆ ನನಗೆ ಇವುಗಳಿಗಿಂತ ಮುಖ್ಯವೆನಿಸಿರುವ ಸಂಗತಿ ಬೇರೆಯೇ ಇದೆ. ಬಯಲಿನ ತೋಟದಲ್ಲಿ ನಮ್ಮ ಗಮನಕ್ಕೆ ಬಾರದೆಯೇ ಎಷ್ಟೋ ಕೆಲಸಗಳು ನಡೆದುಹೋಗುತ್ತವೆ. ಮಳೆ ಮಣ್ಣನ್ನು ತೋಯಿಸುವುದಲ್ಲದೆ ಎಲೆಯ ಧೂಳನ್ನು ತೊಳೆಯುತ್ತದೆ, ಮೇಲ್ಮಣ್ಣಿನಲ್ಲಿ ಕೂಡಿದ ಲವಣವನ್ನು ಬೇರಿನಿಂದ ಕೆಳಕ್ಕೆ ಇಳಿಸುತ್ತದೆ. ಗಾಳಿ ಹೂವನ್ನು ಅಲುಗಿಸುತ್ತದೆ, ಎಲೆಯ ಮೇಲಿನ ತೇವವನ್ನು ಆರಿಸುತ್ತದೆ. ಜೇನುನೊಣ, ದುಂಬಿಗಳು ಪರಾಗವನ್ನು ಹೊತ್ತು ತಿರುಗುತ್ತವೆ. ಗುಲಗಂಜಿ ಹುಳುಗಳು ಗಿಡದ ರಸ ಹೀರುವ ಸಸ್ಯಹೇನಿನ ಹಿಂಡನ್ನು ತಿಂದು ಮುಗಿಸುತ್ತವೆ. ಕಮಾನುಗಳ ಮೇಲೆ ಹಾಳೆ ಎಳೆದು ಅದರ ಅಂಚನ್ನು ಮಣ್ಣಿನಲ್ಲಿ ಹೂತ ದಿನ ಇವರೆಲ್ಲ ಹೊರಗುಳಿಯುತ್ತಾರೆ, ಅವರು ಮಾಡುತ್ತಿದ್ದ ಕೆಲಸ ಬೆಳೆಗಾರನ ಪಾಲಿಗೆ ಬರುತ್ತದೆ. ಪಾಲಿಟನಲ್‌ನಲ್ಲಿ ಬೆಳೆ ಕೆಟ್ಟಿತೆಂದು ಯಾರಾದರೂ ಹೇಳಿದರೆ, ಈ ಕೆಲಸಗಳಲ್ಲಿ ಯಾವುದು ನಿಂತುಹೋಗಿತ್ತು ಎಂದು ನಾನು ಮೊದಲು ವಿಚಾರಿಸುತ್ತೇನೆ.

ಚಳಿಯನ್ನು ತಡೆದು ಅಕಾಲದಲ್ಲಿ ಫಲ ಪಡೆಯುವ ಆಸೆ ಬಹಳ ಹಳೆಯದು. ರೋಮಿನ ಚಕ್ರವರ್ತಿ ಟೈಬೀರಿಯಸನಿಗಾಗಿ ಸೌತೆಯ ಜಾತಿಯ ಬಳ್ಳಿಗಳನ್ನು ಗಾಲಿಯ ಮೇಲಿನ ಮಡಿಗಳಲ್ಲಿ ಬೆಳೆಸಿ, ಬಿಸಿಲಿದ್ದಾಗ ಹೊರಗೆ ತಳ್ಳಿ, ಚಳಿಯ ದಿನಗಳಲ್ಲಿ ಪಾರದರ್ಶಕ ಕಲ್ಲಿನ ಹಲಗೆಗಳ ಮರೆಗೆ ತರುತ್ತಿದ್ದರೆಂದು ರೋಮಿನ ಲೇಖಕ ಪ್ಲಿನಿ ಬರೆದಿಟ್ಟಿದ್ದಾನೆ. ಗಾಜಿನ ಮನೆಗಳು ಬಂದ ಮೇಲೂ ಅವು ಬಹುಕಾಲ ಹಣವಂತರ ಸ್ವತ್ತಾಗಿಯೇ ಉಳಿದವು. 1933ರಲ್ಲಿ ಇಂಗ್ಲೆಂಡಿನ ಐಸಿಐ ಎಂಬ ರಾಸಾಯನಿಕ ಕಂಪನಿಯ ಪ್ರಯೋಗಾಲಯದಲ್ಲಿ ಎರಿಕ್ ಫಾಸೆಟ್ ಮತ್ತು ರೆಜಿನಾಲ್ಡ್ ಗಿಬ್ಸನ್ ಬೇರೇನನ್ನೋ ಹುಡುಕುತ್ತಿದ್ದಾಗ ಪಾಲಿಥೀನ್ ಆಕಸ್ಮಿಕವಾಗಿ ದೊರೆಯಿತು. 1948ರಲ್ಲಿ ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಎಮೆರಿ ಎಮ್ಮರ್ಟ್ ಅವರು ಗಾಜಿನ ಮನೆ ಕಟ್ಟಿಸುವಷ್ಟು ಹಣವಿಲ್ಲದೆ ಮರದ ಚೌಕಟ್ಟಿಗೆ ಸೆಲ್ಲೋಫೇನ್ ಹಾಳೆಯನ್ನು ಹೊದಿಸಿ ನೋಡಿದರು. ಮುಂದೆ ಅದರ ಜಾಗಕ್ಕೆ ಪಾಲಿಥೀನ್ ಬಂತು. ಇಂದು ನಾವು ಹಿತ್ತಲಿನಲ್ಲಿ ನಿಲ್ಲಿಸುವ ಟನಲ್ ಆ ಬಡತನದ ಜಾಣ್ಮೆಯಿಂದ ಹುಟ್ಟಿದ್ದು.

ಹಾಳೆಯ ಒಳಗೆ ಬಿಸಿ ಏಕೆ ನಿಲ್ಲುತ್ತದೆ ಎಂಬುದನ್ನು ಸರಿಯಾಗಿ ತಿಳಿದುಕೊಂಡರೆ ಅರ್ಧ ಕೆಲಸ ಹಗುರವಾಗುತ್ತದೆ. ಗಾಜಾಗಲಿ ಪ್ಲಾಸ್ಟಿಕ್ಕಾಗಲಿ ಬೆಳಕನ್ನು ಒಳಗೆ ಬಿಟ್ಟು ಶಾಖದ ಕಿರಣಗಳನ್ನು ಹೊರಗೆ ಬಿಡದೆ ಹಿಡಿದಿಡುವುದರಿಂದಲೇ ಒಳಗೆ ಬಿಸಿಯಾಗುತ್ತದೆಂದು ಬಹಳ ಜನ ನಂಬಿದ್ದಾರೆ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1909ರಲ್ಲಿ ಎರಡು ಪೆಟ್ಟಿಗೆಗಳನ್ನು ಬಿಸಿಲಿನಲ್ಲಿಟ್ಟು, ಒಂದಕ್ಕೆ ಗಾಜನ್ನೂ ಇನ್ನೊಂದಕ್ಕೆ ಶಾಖದ ಕಿರಣಗಳನ್ನು ಸರಾಗವಾಗಿ ಹೊರಬಿಡುವ ಕಲ್ಲುಪ್ಪಿನ ಹಲಗೆಯನ್ನೂ ಮುಚ್ಚಿ ಪರೀಕ್ಷಿಸಿದಾಗ, ಎರಡರ ಒಳಗೂ ಹೆಚ್ಚುಕಡಿಮೆ ಒಂದೇ ಉಷ್ಣತೆ ಕಂಡುಬಂತು. ಬಿಸಿಯಾದ ಗಾಳಿ ಮೇಲೇರಿ ಹೋಗದಂತೆ ಮುಚ್ಚಳ ತಡೆದದ್ದೇ ಮುಖ್ಯ ಕಾರಣವಾಗಿತ್ತು. ನಮ್ಮ ಟನಲ್‌ನಲ್ಲಿ ಇದರ ಪರಿಣಾಮ ಎರಡು ಬಗೆಯಲ್ಲಿ ಕಾಣುತ್ತದೆ. ಗಾಳಿಯನ್ನು ಹಿಡಿದಿಟ್ಟದ್ದರಿಂದ ಬಂದ ಬಿಸಿ, ಎರಡೂ ತುದಿಯ ಬಾಗಿಲು ತೆರೆದೊಡನೆ ಇಳಿಯತೊಡಗುತ್ತದೆ. ಮತ್ತೆ, ಸಾಮಾನ್ಯ ಪಾಲಿಥೀನ್ ಹಾಳೆ ಶಾಖದ ಕಿರಣಗಳನ್ನು ಗಾಜಿಗಿಂತ ಬಹಳ ಸುಲಭವಾಗಿ ಹೊರಗೆ ಬಿಟ್ಟುಕೊಡುವುದರಿಂದ, ಮೋಡವಿಲ್ಲದ, ಗಾಳಿಯಾಡದ ಚಳಿರಾತ್ರಿಯಲ್ಲಿ ಒಳಗಿನ ಬೆಚ್ಚಗೆ ಬೆಳಗಿನವರೆಗೆ ಉಳಿಯುವುದಿಲ್ಲ. ಕೆಲವು ರಾತ್ರಿ ಒಳಗಿನ ಉಷ್ಣತೆ ಹೊರಗಿನದಕ್ಕಿಂತ ತುಸು ಕೆಳಗಿಳಿಯುವುದೂ ಉಂಟು. ಆದ್ದರಿಂದ ಹಾಳೆಯೊಂದೇ ಹಿಮದಿಂದ ಗಿಡವನ್ನು ಕಾಯುತ್ತದೆಂದು ನಂಬಿ ಮಲಗುವಂತಿಲ್ಲ. ಸಸಿಗಳ ಮೇಲೆ ಹಗುರವಾದ ಬಟ್ಟೆಯ ಇನ್ನೊಂದು ಹೊದಿಕೆ ಹಾಕುವುದು, ಶಾಖವನ್ನು ತಡೆಯುವ ಗುಣವುಳ್ಳ ಹಾಳೆಯನ್ನೇ ಆರಿಸುವುದು, ಒಳಗೆ ನೀರು ತುಂಬಿದ ಪೀಪಾಯಿ ಇಡುವುದು ಇದಕ್ಕಿರುವ ದಾರಿಗಳು. ಹಗಲಿನಲ್ಲಿ ಕಾದ 200 ಲೀಟರ್ ನೀರು ರಾತ್ರಿ 10 ಡಿಗ್ರಿ ಸೆಲ್ಸಿಯಸ್‌ನಷ್ಟು ತಣಿದರೆ ಸುಮಾರು 2.3 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಹೊರಬರುತ್ತದೆ. ಬಿಸಿಲು ನೇರವಾಗಿ ಬೀಳುವ ಕಡೆ, ಕಪ್ಪು ಬಣ್ಣ ಬಳಿದ ಪೀಪಾಯಿಯನ್ನು ಇಟ್ಟರೆ ಮಾತ್ರ ನೀರು ಅಷ್ಟು ಕಾಯುತ್ತದೆ.

ಆದರೂ ನನ್ನ ದೃಷ್ಟಿಯಲ್ಲಿ ಟನಲ್‌ನ ದೊಡ್ಡ ಅಪಾಯ ಚಳಿಯಲ್ಲ, ಸೆಕೆ. ಬಾಗಿಲು ಮುಚ್ಚಿದ ಸಣ್ಣ ಟನಲ್‌ನಲ್ಲಿ ಬಿಸಿಲೇರಿದ ಸ್ವಲ್ಪ ಹೊತ್ತಿಗೇ ಉಷ್ಣತೆ 40 ಡಿಗ್ರಿ ದಾಟಬಹುದು. ಟೊಮ್ಯಾಟೊ ಹಗಲು 32–35 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ದಿನಗಟ್ಟಲೆ ನಿಂತರೆ ಅದರ ಪರಾಗ ನಿರ್ಜೀವವಾಗಿ ಹೂವು ಉದುರುತ್ತದೆ. ಹಣ್ಣಿಗೆ ಕೆಂಪು ಕೊಡುವ ಲೈಕೋಪೀನ್ ಕೂಡ 30 ಡಿಗ್ರಿಯ ಮೇಲೆ ಸರಿಯಾಗಿ ಕೂಡದೆ ಹಣ್ಣು ಹಳದಿ ಛಾಯೆಯಲ್ಲೇ ನಿಂತುಬಿಡುತ್ತದೆ. ಗಾಳಿಗೆ ಬಿಡುವ ತೆರವು ನೆಲದ ವಿಸ್ತೀರ್ಣದ ಐದನೆಯ ಒಂದು ಭಾಗದಷ್ಟಾದರೂ ಇರಬೇಕೆಂಬ ಲೆಕ್ಕವನ್ನು ಕಟ್ಟುವ ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಎರಡು ತುದಿಯ ಬಾಗಿಲುಗಳ ಜೊತೆಗೆ ಅಕ್ಕಪಕ್ಕದ ಹಾಳೆಯನ್ನು ಸುತ್ತಿ ಮೇಲೆತ್ತುವಂತೆ ಮಾಡಿಕೊಂಡರೆ ಟನಲ್ ವರ್ಷದ ಎಲ್ಲ ಕಾಲಕ್ಕೂ ಒದಗುತ್ತದೆ. ಗಾಳಿಯಾಡುವುದರಿಂದ ಇನ್ನೊಂದು ಲಾಭವೂ ಇದೆ: ಹೊರಗಿನ ಗಾಳಿಯಲ್ಲಿ ಹತ್ತು ಲಕ್ಷಕ್ಕೆ ಸುಮಾರು 420 ಭಾಗದಷ್ಟಿರುವ ಇಂಗಾಲದ ಡೈಆಕ್ಸೈಡನ್ನು ದಟ್ಟವಾಗಿ ಬೆಳೆದ ಎಲೆಗಳು ಬಿಸಿಲಿನ ಬೆಳಗಿನಲ್ಲಿ ಬೇಗನೆ ಹೀರಿಕೊಳ್ಳುತ್ತವೆ, ಮುಚ್ಚಿದ ಟನಲ್‌ನಲ್ಲಿ ಅದು ಕಡಿಮೆಯಾದಷ್ಟೂ ಬೆಳವಣಿಗೆ ಕುಂಠಿತವಾಗುತ್ತದೆ. ಎಲೆಗಳಿಗೆ ಬೇಕಾದ ಆಹಾರವೂ ಅದೇ ಬಾಗಿಲಿನಿಂದಲೇ ಒಳಗೆ ಬರುತ್ತದೆ.

ಸೆಕೆ ಹೆಚ್ಚಿರುವ ಪ್ರದೇಶಗಳಲ್ಲಿ ಪಾಲಿಟನಲ್ ಕಟ್ಟುವವರು ಅದನ್ನು ಬೆಚ್ಚಗಿನ ಕೋಣೆಯೆಂದು ತಿಳಿಯದೆ ಒಂದು ದೊಡ್ಡ ಕೊಡೆಯೆಂದು ತಿಳಿದರೆ ಒಳ್ಳೆಯದು. ಪಕ್ಕಗಳನ್ನು ಪೂರ್ತಿ ತೆರೆದು, ಬಿಸಿಲು ಖಾರವಾದಾಗ ಮೇಲೆ ನೆರಳುಪರದೆ ಎಳೆದು, ತಲೆಯ ಮೇಲಿನ ಹಾಳೆಯನ್ನು ಮಳೆಗಾಗಿಯೇ ಉಳಿಸಿಕೊಳ್ಳಬೇಕು. ಟೊಮ್ಯಾಟೊ, ಆಲೂಗಡ್ಡೆಗಳನ್ನು ಕೆಲವೇ ದಿನಗಳಲ್ಲಿ ಕರಗಿಸಿಬಿಡುವ ಅಂಗಮಾರಿ ರೋಗ ಎಲೆ ಒದ್ದೆಯಾಗಿರದೆ ಒಳಹೊಗುವುದಿಲ್ಲ. ಬಯಲಿನಲ್ಲಿ ಎಡೆಬಿಡದೆ ಮಳೆ ಹಿಡಿದಾಗ ಎಲ್ಲ ಸುಟ್ಟಂತೆ ಕಪ್ಪಾಗಿ ನಿಂತರೂ ಹಾಳೆಯ ಕೆಳಗಿನ ಗಿಡಗಳು ಹಸಿರಾಗಿ ಉಳಿದಿರುವುದನ್ನು ಕಂಡಾಗ, ಈ ಒಂದು ಉಪಯೋಗಕ್ಕಾಗಿಯೇ ಟನಲ್ ಕಟ್ಟಬಹುದೆನಿಸುತ್ತದೆ. ಇನ್ನು, ಧ್ರುವಗಳ ಕಡೆಗೆ ದೂರವಿದ್ದು ಚಳಿಗಾಲದ ಹಗಲು ಬಹಳ ಕಿರಿದಾಗುವ ನಾಡುಗಳಲ್ಲಿ ಲೆಕ್ಕವೇ ಬೇರೆ. ಹಗಲು 10 ಗಂಟೆಗಿಂತ ಕಡಿಮೆಯಾದಾಗ ಒಳಗೆ ಎಷ್ಟು ಬೆಚ್ಚಗಿದ್ದರೂ ಸೊಪ್ಪು ಬೆಳೆಯುವುದು ಬಹುಮಟ್ಟಿಗೆ ನಿಲ್ಲುತ್ತದೆ. ಅಲ್ಲಿ ಪಾಲಕ್, ಲೆಟ್ಯೂಸ್‌ಗಳನ್ನು ಮೊದಲೇ ಬಿತ್ತಿ, ಹಗಲು ಕುಗ್ಗುವಷ್ಟರಲ್ಲಿ ಗಿಡ ಕೊಯ್ಲಿನ ಅಳತೆಗೆ ಬರುವಂತೆ ನೋಡಿಕೊಳ್ಳಬೇಕು.

ಹೂವಿನ ಕೆಲಸಕ್ಕೆ ಬಂದರೆ, ನನಗೆ ಅತ್ಯಂತ ಪ್ರಿಯವಾದ ಭಾಗ ಇದೇ ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ. ಟೊಮ್ಯಾಟೊ ಹೂವನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿ. ಹಳದಿ ಎಸಳುಗಳು ಹಿಂದಕ್ಕೆ ಬಾಗಿರುತ್ತವೆ, ನಡುವೆ ಕೇಸರಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಕೊಳವೆಯಂತೆ ಮೊನಚಾಗಿ ಇಳಿಬಿದ್ದಿರುತ್ತವೆ. ಪರಾಗವೆಲ್ಲ ಆ ಕೊಳವೆಯ ಒಳಗೋಡೆಯಲ್ಲಿ ಅಡಗಿರುತ್ತದೆ; ನಡುಗಿಸದೆ ಅದು ಸರಿಯಾಗಿ ಉದುರುವುದಿಲ್ಲ. ಗಂಡು ಹೆಣ್ಣು ಎರಡೂ ಭಾಗಗಳು ಒಂದೇ ಹೂವಿನಲ್ಲಿದ್ದರೂ ಯಾರಾದರೂ ಬಂದು ಅಲುಗಿಸಬೇಕು. ಬಯಲಿನಲ್ಲಿ ಗಾಳಿ ಆ ಕೆಲಸ ಮಾಡುತ್ತದೆ. ದುಂಬಿಗಳು ಅದಕ್ಕಿಂತ ಚೆನ್ನಾಗಿ ಮಾಡುತ್ತವೆ: ಹೂವನ್ನು ಕಾಲಿನಿಂದ ಅಪ್ಪಿ ಹಿಡಿದು, ರೆಕ್ಕೆಯನ್ನು ಬಡಿಯದೆ ಹಾರುವ ಸ್ನಾಯುಗಳನ್ನು ಮಾತ್ರ ಮಿಡಿಯುತ್ತ, ಝೇಂಕಾರದಿಂದಲೇ ಪರಾಗವನ್ನು ತಮ್ಮ ಮೈಮೇಲೆ ಸುರಿಸಿಕೊಳ್ಳುತ್ತವೆ. ಜೇನುನೊಣಗಳಿಗೆ ಈ ವಿದ್ಯೆ ಬಾರದು. 1980ರ ದಶಕದ ನಡುವಿನವರೆಗೆ ಯೂರೋಪಿನ ದೊಡ್ಡ ಹಸಿರುಮನೆಗಳಲ್ಲಿ ಕೂಲಿಯವರು ವಿದ್ಯುತ್ ಕಂಪಕವನ್ನು ಹಿಡಿದು ಗೊಂಚಲಿನಿಂದ ಗೊಂಚಲಿಗೆ ನಡೆಯುತ್ತಿದ್ದರು; ಬೆಲ್ಜಿಯಂನ ಪಶುವೈದ್ಯ ರೋಲಾಂಡ್ ಡಿ ಯೋಂಗ್ ಅವರು ದುಂಬಿಗಳು ಈ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡುತ್ತವೆಂದು ಕಂಡುಕೊಂಡ ಮೇಲೆ ಸಾಕಿದ ದುಂಬಿಗಳ ಗೂಡನ್ನು ಒಳಗಿಡುವ ಪದ್ಧತಿ ಹಬ್ಬಿತು. ಮನೆಯ ಟನಲ್‌ಗೆ ಗೂಡು ಬೇಕಿಲ್ಲ. ಬೆಳಗಿನ ತೇವ ಆರಿದ ಮೇಲೆ, ಮಧ್ಯಾಹ್ನದ ಸೆಕೆ ಏರುವ ಮೊದಲು, ಆಸರೆಯ ದಾರವನ್ನು ಬೆರಳಿನಿಂದ ಮೀಟುತ್ತ ಸಾಲಿನುದ್ದಕ್ಕೂ ನಡೆದರೆ ಸಾಕು. ಗಾಳಿ ಬಹಳ ಒದ್ದೆಯಾಗಿದ್ದರೆ ಪರಾಗ ಮುದ್ದೆಗಟ್ಟುತ್ತದೆ, ಬಹಳ ಒಣಗಿದ್ದರೆ ಹೂವಿನ ಹೆಣ್ಣುಭಾಗದ ತುದಿಯಾದ ಶಲಾಕಾಗ್ರಕ್ಕೆ ಅಂಟುವುದಿಲ್ಲ. ಆದ್ದರಿಂದ ಹೊತ್ತು ನೋಡಿ ಮಾಡುವುದೇ ಇದರಲ್ಲಿರುವ ನೈಪುಣ್ಯ.

ಕರಬೂಜದ ಬಳ್ಳಿಯಲ್ಲಿ ಗಂಡುಹೂವುಗಳು ಮೊದಲು ಬರುತ್ತವೆ, ಅವುಗಳನ್ನು ಕಂಡು ಕಾಯಿಗಾಗಿ ಅವಸರಪಡಬಾರದು. ಹೆಣ್ಣುಹೂವು ಬಂದಾಗ ಎಸಳಿನ ಹಿಂದೆ ನವಿರು ಕೂದಲಿನ ಪುಟ್ಟ ಕಾಯಿಯೊಂದು ಆಗಲೇ ಕುಳಿತಿರುತ್ತದೆ. ಅದು ಅರಳಿದ ಬೆಳಿಗ್ಗೆಯೇ ಹೊಸ ಗಂಡುಹೂವನ್ನು ಕಿತ್ತು, ಎಸಳುಗಳನ್ನು ಹಿಂದಕ್ಕೆ ಮಡಚಿ, ಕೇಸರವನ್ನು ಹೆಣ್ಣುಹೂವಿನ ಶಲಾಕಾಗ್ರದ ಎಲ್ಲ ಸೀಳುಗಳಿಗೂ ಸವರಬೇಕು. ಒಂದು ಪಕ್ಕಕ್ಕೆ ಪರಾಗ ತಲುಪದಿದ್ದರೆ ಕಾಯಿ ಆ ಪಕ್ಕದಲ್ಲಿ ಬೆಳೆಯದೆ ಸೊಟ್ಟಗಾಗುತ್ತದೆ. ಅದೇ ಕುಟುಂಬದ ಸೌತೆಯಲ್ಲಿ ಹಸಿರುಮನೆಗೆಂದೇ ಬೆಳೆಸಿದ ತಳಿಗಳು ಇದಕ್ಕೆ ತೀರ ವಿರುದ್ಧ. ಅವು ಪರಾಗವಿಲ್ಲದೆಯೇ ಬೀಜರಹಿತ ಕಾಯಿ ಕಟ್ಟುತ್ತವೆ. ಜೇನುನೊಣ ಹೊರಗಿನಿಂದ ಬೇರೆ ಸೌತೆಯ ಪರಾಗ ತಂದರೆ ಕಾಯಿಯ ತುದಿ ಬೀಜದಿಂದ ಉಬ್ಬಿ ಆಕಾರ ಕೆಡುತ್ತದೆ. ಒಂದೇ ಟನಲ್‌ನಲ್ಲಿ ಈ ಎರಡನ್ನೂ ಬೆಳೆಯುವವರು ಸೌತೆಗೆ ಪರದೆ ಕಟ್ಟಬೇಕು, ಕರಬೂಜಕ್ಕೆ ಕೈಯಾರೆ ಪರಾಗ ಮುಟ್ಟಿಸಬೇಕು. ಸ್ಟ್ರಾಬೆರಿಯ ವಿಷಯ ಇನ್ನೂ ಸೂಕ್ಷ್ಮವಾದದ್ದು. ಅದರ ಹಣ್ಣಿನ ಮೈಮೇಲೆ ಬೀಜದಂತೆ ಕಾಣುವ ಪ್ರತಿಯೊಂದು ಕಣಕ್ಕೂ ಪ್ರತ್ಯೇಕವಾಗಿ ಪರಾಗ ಸೇರಬೇಕು; ಸೇರಿದ ಕಡೆ ತಿರುಳು ತುಂಬುತ್ತದೆ, ಸೇರದ ಕಡೆ ಹಣ್ಣು ಗಟ್ಟಿಯಾಗಿ ಕುಗ್ಗುತ್ತದೆ. ಮೃದುವಾದ ಕುಂಚವನ್ನು ಹೂವಿನ ನಡುವೆ ವೃತ್ತಾಕಾರವಾಗಿ ಆಡಿಸುವ ಆ ಅರೆಗಳಿಗೆಯ ಕೆಲಸದಿಂದಲೇ ಹಣ್ಣಿನ ರೂಪ ನಿರ್ಧಾರವಾಗುತ್ತದೆ.

ಮಳೆಯ ಕೆಲಸ ಇದಕ್ಕಿಂತ ಭಾರವಾದದ್ದು. ಬಿಸಿಲಿನ ದಿನ ತುಂಬ ಎಲೆಯ ಒಂದು ಟೊಮ್ಯಾಟೊ ಗಿಡ ಒಂದೆರಡು ಲೀಟರ್ ನೀರನ್ನು ಹೀರಿ ಗಾಳಿಗೆ ಬಿಡುತ್ತದೆ, ಮತ್ತು ಅಷ್ಟನ್ನೂ ನಾವೇ ಕೊಡಬೇಕು. ಇಲ್ಲಿ ನೀರಿನ ಪ್ರಮಾಣಕ್ಕಿಂತ ಅದರ ಸಮತೆ ಮುಖ್ಯ. ಟೊಮ್ಯಾಟೊ, ದೊಣ್ಣೆ ಮೆಣಸಿನಕಾಯಿಗಳ ತುದಿ ಕಪ್ಪಾಗಿ ಕುಸಿಯುವುದನ್ನು ಕಂಡು ಬಹಳ ಜನ ರೋಗವೆಂದು ಔಷಧಿ ಹುಡುಕುತ್ತಾರೆ. ಅದು ರೋಗವಲ್ಲ. ಸುಣ್ಣದ ಅಂಶ ಬೇರಿನಿಂದ ನೀರಿನ ಜೊತೆಯಲ್ಲೇ ಮೇಲೇರಬೇಕು. ಮಣ್ಣು ಒಂದು ದಿನ ಬಿರುಕು ಬಿಡುವಷ್ಟು ಒಣಗಿ ಇನ್ನೊಂದು ದಿನ ಕೆಸರಾದರೆ ಸಿಕ್ಕ ನೀರನ್ನೆಲ್ಲ ಎಲೆಗಳು ಎಳೆದುಕೊಂಡು, ಬೆಳೆಯುತ್ತಿರುವ ಕಾಯಿಯ ತುದಿಗೆ ಸುಣ್ಣ ತಲುಪುವುದಿಲ್ಲ. ಮಣ್ಣಿನಲ್ಲಿ ಸುಣ್ಣ ಧಾರಾಳವಾಗಿದ್ದಾಗಲೂ ಹೀಗಾಗುತ್ತದೆ. ಹನಿ ನೀರಾವರಿಯ ಕೊಳವೆ, ಬುಡಕ್ಕೆ ಒಣಹುಲ್ಲಿನ ಅಥವಾ ತರಗೆಲೆಯ ದಪ್ಪ ಹೊದಿಕೆ, ಮುಂಜಾನೆಯ ನೀರು, ಇಷ್ಟಿದ್ದರೆ ಈ ಸಮಸ್ಯೆ ಬಹುತೇಕ ತೀರುತ್ತದೆ. ಸಂಜೆ ಎಲೆಯ ಮೇಲೆ ನೀರು ಚಿಮುಕಿಸುವುದನ್ನು ನಾನು ಒಪ್ಪುವುದಿಲ್ಲ. ಮುಚ್ಚಿದ ಟನಲ್‌ನಲ್ಲಿ ಆ ತೇವ ಬೆಳಗಿನವರೆಗೂ ಆರುವುದಿಲ್ಲ, ಸ್ಟ್ರಾಬೆರಿ ಮತ್ತು ಟೊಮ್ಯಾಟೊಗಳಿಗೆ ಬೂದುಬಣ್ಣದ ಬೂಷ್ಟು ಹಿಡಿಯಲು ಅಷ್ಟೇ ಸಾಕು. 3 ಮೀಟರ್ ಅಗಲ, 6 ಮೀಟರ್ ಉದ್ದದ ಟನಲ್‌ನ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ 450 ಲೀಟರ್ ನೀರು ಹಾಳೆಯ ಮೇಲಿಂದ ಜಾರಿ ಹೋಗುತ್ತದೆ. ಬದಿಯಲ್ಲಿ ದೋಣಿ ಕಟ್ಟಿ ಅದರ ಅರ್ಧವನ್ನಾದರೂ ಪೀಪಾಯಿಗೆ ತಿರುಗಿಸಿಕೊಂಡರೆ ಅದು ಗಿಡಗಳಿಗೆ ಅತ್ಯುತ್ತಮವಾದ ನೀರು, ಏಕೆಂದರೆ ಅದರಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆ.

ಲವಣದ ಮಾತನ್ನು ಒತ್ತಿ ಹೇಳಬೇಕಾದ ಕಾರಣವಿದೆ. ನಾವು ಹಾಕುವ ಗೊಬ್ಬರದಲ್ಲೂ ಬಾವಿಯ ನೀರಿನಲ್ಲೂ ಕರಗಿರುವ ಲವಣಗಳಲ್ಲಿ ಗಿಡ ಬಳಸಿದ್ದು ಹೋಗಿ ಉಳಿದದ್ದು ಮಣ್ಣಿನಲ್ಲೇ ನಿಲ್ಲುತ್ತದೆ. ಬಯಲಿನಲ್ಲಿ ಒಂದು ಜೋರು ಮಳೆ ಅದನ್ನು ಆಳಕ್ಕೆ ತೊಳೆದುಬಿಡುತ್ತದೆ. ಟನಲ್‌ನಲ್ಲಿ ನೀರು ಸದಾ ಮೇಲ್ಮುಖವಾಗಿ ಆವಿಯಾಗುತ್ತಿರುವುದರಿಂದ ಲವಣವೂ ಮೇಲಕ್ಕೇ ಬಂದು ಕೂಡುತ್ತದೆ. ಮೊದಮೊದಲು ಏನೂ ಕಾಣುವುದಿಲ್ಲ. ಕೆಲವು ವರ್ಷಗಳ ಮೇಲೆ ನಡೆದಾಡುವ ಹಾದಿಯ ಅಂಚಿನಲ್ಲಿ, ಮಣ್ಣು ಒಣಗುವ ಕಡೆ, ಬಿಳಿಯ ತೆಳುವಾದ ಪೊರೆ ಕಾಣಿಸುತ್ತದೆ. ಹುರುಳಿಕಾಯಿ, ಸ್ಟ್ರಾಬೆರಿಗಳ ಎಲೆಯಂಚು ಕಂದಾಗಿ ಸುರುಟುತ್ತದೆ. ಗೊಬ್ಬರ ಸಾಲದೆಂದು ಭಾವಿಸಿ ಇನ್ನಷ್ಟು ಹಾಕಿದರೆ ಕೇಡು ಹೆಚ್ಚುತ್ತದೆ. ಎರಡು ಬೆಳೆಗಳ ನಡುವೆ ಮಡಿ ಖಾಲಿಯಿರುವಾಗ ಒಳ್ಳೆಯ ನೀರನ್ನು ನಿಧಾನವಾಗಿ, ಆಳದವರೆಗೆ ಇಂಗುವಂತೆ ಹಾಯಿಸಬೇಕು. ಗೊಬ್ಬರಗಳಲ್ಲಿ ಚೆನ್ನಾಗಿ ಕಳಿತ ಎಲೆಗೊಬ್ಬರವನ್ನು ನಾನು ಮೇಲೆಂದು ತಿಳಿಯುತ್ತೇನೆ. ಅದು ಮಣ್ಣನ್ನು ಸಡಿಲಗೊಳಿಸುತ್ತದೆ, ಲವಣವನ್ನು ಅಷ್ಟಾಗಿ ಕೂಡಿಸುವುದಿಲ್ಲ.

ಕೀಟಗಳ ವಿಷಯದಲ್ಲಿ ಟನಲ್ ಎರಡಲಗಿನ ಕತ್ತಿ. ಬಿಳಿನೊಣ, ಹೇನು, ಜೇಡನುಸಿಗಳು ಹೇಗೋ ಒಳಗೆ ಬಂದೇ ಬರುತ್ತವೆ, ಬೆಚ್ಚಗಿನ ಒಣ ಗಾಳಿಯಲ್ಲಿ ನುಸಿಯ ಸಂತತಿ ಕೆಲವೇ ದಿನಗಳಲ್ಲಿ ಎಲೆಯ ಹಿಂಬದಿಯನ್ನು ತುಂಬುತ್ತದೆ, ಆದರೆ ಅವುಗಳ ಬೆನ್ನಟ್ಟಿ ಬರುವ ಶತ್ರುಗಳು ಹೊರಗೇ ಉಳಿಯುತ್ತವೆ. 1926ರಲ್ಲಿ ಇಂಗ್ಲೆಂಡಿನ ಟೊಮ್ಯಾಟೊ ಬೆಳೆಗಾರರೊಬ್ಬರು ತಮ್ಮ ಗಿಡದ ಮೇಲಿದ್ದ ಬಿಳಿನೊಣದ ಮರಿಗಳಲ್ಲಿ ಕೆಲವು ಕಪ್ಪಾಗಿರುವುದನ್ನು ಗಮನಿಸಿ ಚೆಶಂಟ್ ಸಂಶೋಧನಾ ಕೇಂದ್ರದ ಕೀಟವಿಜ್ಞಾನಿ ಸ್ಪೇಯರ್ ಅವರಿಗೆ ತೋರಿಸಿದರು. ಆ ಕಪ್ಪು ಮರಿಗಳೊಳಗೆ ಎನ್‌ಕಾರ್ಸಿಯಾ ಎಂಬ ಅತಿ ಸಣ್ಣ ಕಣಜ ಬೆಳೆಯುತ್ತಿತ್ತು. ಆ ಒಂದು ಗಮನಿಕೆಯಿಂದ ಕಣಜಗಳನ್ನು ಸಾಕಿ ಹಸಿರುಮನೆಗಳಿಗೆ ಹಂಚುವ ಕಾರ್ಯ ಬೆಳೆಯಿತು. ಆ ಬೆಳೆಗಾರರು ಎಲೆ ಮಗುಚಿ ನೋಡಿದರಲ್ಲ, ಅದೇ ನನಗೆ ಇಂದಿಗೂ ಟನಲ್‌ನ ಅತ್ಯುತ್ತಮ ಕೀಟ ನಿಯಂತ್ರಣವಾಗಿ ಕಾಣುತ್ತದೆ. ನೀರು ಹಾಯಿಸುವಾಗ ಒಂದೊಂದು ಸಾಲಿನ ಕೆಲವು ಎಲೆಗಳನ್ನು ಮಗುಚಿದರೆ ತೊಂದರೆ ಒಂದೆರಡು ಎಲೆಯಲ್ಲಿರುವಾಗಲೇ ಕೈಗೆ ಸಿಗುತ್ತದೆ, ಆಗ ಚಿವುಟಿ ತೆಗೆದರೆ ಸಾಕು. ಕಿಟಕಿಗಳಿಗೆ ಸಣ್ಣ ಕಣ್ಣಿನ ಕೀಟಪರದೆ ಕಟ್ಟುವುದಾದರೆ ಅದು ಗಾಳಿಯನ್ನೂ ಜೇನುನೊಣವನ್ನೂ ತಡೆಯುತ್ತದೆಂಬುದನ್ನು ನೆನಪಿಟ್ಟು ತೆರವನ್ನು ಹಿಗ್ಗಿಸಬೇಕು. ಔಷಧಿ ಸಿಂಪಡಿಸುವವರು ಮುಚ್ಚಿದ ಜಾಗದಲ್ಲಿ ತಾವೂ ಅದನ್ನೇ ಉಸಿರಾಡುತ್ತಾರೆ, ಮತ್ತು ಒಳಬಂದಿದ್ದ ಒಂದೆರಡು ಗುಲಗಂಜಿ ಹುಳುಗಳನ್ನೂ ಕಳೆದುಕೊಳ್ಳುತ್ತಾರೆ.

ಹಣ್ಣಿನ ಗಿಡಗಳಿಗೆ ಟನಲ್‌ನಲ್ಲಿ ಜಾಗ ಕೊಡಬೇಕೇ ಎಂಬುದು ಚರ್ಚೆಯ ವಿಷಯ. ಸ್ಟ್ರಾಬೆರಿಗೆ ಖಂಡಿತ ಕೊಡಬೇಕು. ಕಮಾನಿನಿಂದ ತೂಗುಹಾಕಿದ ದೋಣಿಗಳಲ್ಲಿ ಬೆಳೆದರೆ ನೆಲದ ಜಾಗವೂ ಉಳಿಯುತ್ತದೆ, ಹಣ್ಣು ಮಣ್ಣಿಗೆ ತಾಗುವುದೂ ಇಲ್ಲ. ದ್ರಾಕ್ಷಿಯ ಬೇರನ್ನು ಹೊರಗಿನ ನೆಲದಲ್ಲಿಟ್ಟು ಬಳ್ಳಿಯನ್ನು ಮಾತ್ರ ಒಳಕ್ಕೆ ಎಳೆದುಕೊಳ್ಳುವ ಹಳೆಯ ಪದ್ಧತಿ ನನಗೆ ಬಹಳ ಹಿಡಿಸುತ್ತದೆ. ಬೇರಿಗೆ ಮಳೆನೀರು, ಗೊಂಚಲಿಗೆ ಬೆಚ್ಚಗಿನ ಆಸರೆ. ಚಳಿನಾಡಿನ ಪೀಚ್ ಮರದ ಎಲೆಗಳನ್ನು ಕೆಂಪಗೆ ಸುರುಟಿಸುವ ಶಿಲೀಂಧ್ರ ಮೊಗ್ಗು ಒಡೆಯುವ ಕಾಲದ ಮಳೆಹನಿಯ ಮೂಲಕ ಹರಡುತ್ತದೆ, ಆದ್ದರಿಂದ ಹಾಳೆಯ ಕೆಳಗಿನ ಮರಕ್ಕೆ ಆ ಬಾಧೆ ತಟ್ಟುವುದು ಅಪರೂಪ. ಆದರೆ ಪೀಚ್‌ಗೆ ಚಳಿಗಾಲದ ತಂಪು ಸಿಗದಿದ್ದರೆ ಹೂವು ಬಿಡದು, ಹೀಗಾಗಿ ಆ ತಿಂಗಳುಗಳಲ್ಲಿ ಬಾಗಿಲುಗಳನ್ನು ತೆರೆದೇ ಇಡಬೇಕು. ಬಿಸಿನಾಡಿನ ಪಪ್ಪಾಯಿಗೆ ಹೇನುಗಳು ತರುವ ಉಂಗುರಚುಕ್ಕೆ ನಂಜುರೋಗದ ಕಾಟ ಹೆಚ್ಚಾದ್ದರಿಂದ ಅದನ್ನು ಪರದೆಯ ಮನೆಯಲ್ಲಿ ಬೆಳೆಯುವುದುಂಟು. ಉಳಿದ ದೊಡ್ಡ ಮರಗಳನ್ನು ಸಣ್ಣ ಟನಲ್‌ಗೆ ತರುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ. ಅವುಗಳ ನೆರಳಿನಲ್ಲಿ ಉಳಿದದ್ದೆಲ್ಲ ಸೊರಗುತ್ತದೆ.

ಅತಿನೇರಳೆ ಕಿರಣವನ್ನು ತಾಳುವಂತೆ ಮಾಡಿದ 200 ಮೈಕ್ರಾನ್ ದಪ್ಪದ ಹಾಳೆ ಸಾಮಾನ್ಯವಾಗಿ 3ರಿಂದ 5 ವರ್ಷ ಬಾಳುತ್ತದೆ. ಅದು ಮೊದಲು ಸೋಲುವುದು ಬಿಸಿಲಿನಲ್ಲಿ ಕಾದ ಪೈಪಿಗೆ ತಾಗುವ ಕಡೆಗಳಲ್ಲಿ ಮತ್ತು ಗಾಳಿಗೆ ಪಟಪಟನೆ ಬಡಿದುಕೊಳ್ಳುವ ಸಡಿಲ ಭಾಗಗಳಲ್ಲಿ. ಆದ್ದರಿಂದ ಕಮಾನಿನ ಮೇಲ್ಮೈಗೆ ಬಿಳಿಯ ಪಟ್ಟಿ ಅಂಟಿಸಿ, ಗಾಳಿಯಿಲ್ಲದ ಬೆಚ್ಚಗಿನ ದಿನ ಹಾಳೆ ಹಿಗ್ಗಿರುವಾಗ ಎಳೆದು ಕಟ್ಟಬೇಕು. ತಂಪಾದಾಗ ಅದು ತಾನಾಗಿಯೇ ಬಿಗಿಯುತ್ತದೆ. ಹಾಳೆ ಬದಲಿಸುವ ವರ್ಷ ಬಂದಾಗ ಮಳೆಗಾಲಕ್ಕೆ ಮುಂಚೆಯೇ ಹಳೆಯದನ್ನು ತೆಗೆದು, ಒಂದು ಮಳೆಗಾಲ ಪೂರ್ತಿ ಮಣ್ಣನ್ನು ಬಯಲಿಗೆ ಬಿಟ್ಟರೆ ಲವಣ ತೊಳೆದುಹೋಗುತ್ತದೆ. ತೆಗೆದ ಹಾಳೆಯಲ್ಲಿ ಗಟ್ಟಿಯಿರುವ ತುಂಡುಗಳನ್ನು ಕತ್ತರಿಸಿಟ್ಟು, ಕಡುಬೇಸಿಗೆಯಲ್ಲಿ ನೀರು ಹಾಯಿಸಿದ ಮಡಿಯ ಮೇಲೆ 4ರಿಂದ 6 ವಾರ ಬಿಗಿಯಾಗಿ ಹೊದಿಸಿದರೆ ಬೇರುಗಂಟು ಮಾಡುವ ಜಂತುಹುಳುಗಳೂ ಕಳೆಬೀಜಗಳೂ ಆ ಬಿಸಿಗೆ ಬಹಳಷ್ಟು ಸಾಯುತ್ತವೆ. ಉಳಿದ ಚೂರುಗಳನ್ನು ಸುಡಬಾರದು, ಮಣ್ಣಿನಲ್ಲಿ ಹೂಳಲೂಬಾರದು. ತೊಳೆದು, ಒಣಗಿಸಿ, ಸುತ್ತಿ ಪ್ಲಾಸ್ಟಿಕ್ ಮರುಬಳಕೆಯವರಿಗೆ ಕೊಡಬೇಕು. ಹೊಸ ಹಾಳೆ ಏರಿಸಿದ ಕೂಡಲೇ ಬಾಗಿಲಿನ ಪಕ್ಕದ ಅಂಚಿನಲ್ಲಿ ಅಳಿಸದ ಶಾಯಿಯಿಂದ ತಿಂಗಳು, ವರ್ಷವನ್ನು ಬರೆದಿಟ್ಟರೆ ಮುಂದಿನ ಬದಲಾವಣೆಯನ್ನು ಯಾವ ಮಳೆಗಾಲಕ್ಕೆ ಹೊಂದಿಸಬೇಕೆಂದು ಊಹಿಸುತ್ತ ಕೂರಬೇಕಾಗುವುದಿಲ್ಲ.